ಕಳ್ಳನಿಲ್ಲದೆ ಕೂಗುವ ಅಲಾರಂ: ಎಲ್ಲಿಂದ ಹುಡುಕಬೇಕು?

ಬೆಂಗಳೂರಿನ ವಿಜಯನಗರದ ಒಂದು ಮನೆ. ಒಂದು ದಿನ ಬಿಟ್ಟು ಒಂದು ದಿನ, ಬೆಳಗಿನ ಜಾವ ನಾಲ್ಕೂಮುಕ್ಕಾಲಿನ ಹೊತ್ತಿಗೆ ಸೈರನ್ ಕೂಗುತ್ತಿತ್ತು. ನನ್ನನ್ನು ಕರೆಯುವಷ್ಟರಲ್ಲಿ ಇಬ್ಬರು ಬಂದು ಹೋಗಿದ್ದರು. ಮೊದಲನೆಯವರು ಹಾಲ್‌ನ ಸೆನ್ಸರ್ ಬದಲಾಯಿಸಿದ್ದರು. ಎರಡನೆಯವರು ಆ ಹೊಸ ಸೆನ್ಸರನ್ನೇ ಮತ್ತೆ ಬದಲಾಯಿಸಿದ್ದರು. ಮನೆಯ ಅಜ್ಜಿ ಅಷ್ಟರಲ್ಲಿ ತಮ್ಮದೇ ತೀರ್ಮಾನಕ್ಕೆ ಬಂದಿದ್ದರು. ಮೊಮ್ಮಗನಿಗೆ ಹೇಳಿದರು: "ಅದು ನಿಮ್ಮ ತಾತ ಕಣೋ. ಅವರು ಏಳ್ತಿದ್ದಿದ್ದು ಅದೇ ಹೊತ್ತಿಗೆ."

ನಾನು ಸೆನ್ಸರ್ ಮುಟ್ಟಲಿಲ್ಲ. ಕೀಪ್ಯಾಡ್‌ನಲ್ಲಿ ಲಾಗ್, ಅಂದರೆ ಯಾವಾಗ ಕೂಗಿತು ಎಂಬ ದಾಖಲೆ ತೆಗೆದು, ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಸೋಮವಾರ 4:46. ಬುಧವಾರ 4:41. ಶುಕ್ರವಾರ 4:52. ಭಾನುವಾರ 4:44. ಪ್ರತಿ ಸಲವೂ ಝೋನ್ 3, ಅಂದರೆ ಹಾಲ್‌ನ ಸೆನ್ಸರ್ ಇರುವ ಲೈನು. ಹಾಳೆ ತೋರಿಸಿ ಕೇಳಿದೆ: "ಈ ಮನೇಲಿ ಒಂದು ದಿನ ಬಿಟ್ಟು ಒಂದು ದಿನ ಏನಾಗತ್ತೆ ಸಾರ್?" ಯಜಮಾನರು ಯೋಚಿಸುತ್ತಿರುವಾಗಲೇ ಅಡುಗೆಮನೆಯಿಂದ ಉತ್ತರ ಬಂತು: "ಕಾವೇರಿ ನೀರು ಬರತ್ತೆ!"

ನೀರು ನೆಲದಡಿಯ ಸಂಪ್‌ಗೆ ಬೀಳುತ್ತದೆ. ಮೇಲಿನ ಟ್ಯಾಂಕ್ ಖಾಲಿ ಇದ್ದರೆ ಆಟೋಮ್ಯಾಟಿಕ್ ಕಂಟ್ರೋಲರ್ ತಾನೇ ಮೋಟರ್ ಆನ್ ಮಾಡುತ್ತದೆ. ಮೋಟರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ಎಳೆಯುವ ಕರೆಂಟು ಮಾಮೂಲಿಗಿಂತ ಐದಾರು ಪಟ್ಟು ಜಾಸ್ತಿ. ಆ ಮನೆಯಲ್ಲಿ 3ನೇ ಝೋನಿನ ತೆಳು ವೈರನ್ನು ಮೋಟರ್ ವೈರಿನ ಜೊತೆಗೇ ಒಂದೇ ಪೈಪಿನಲ್ಲಿ ತೂರಿಸಿದ್ದರು. ಮೋಟರ್ ಸ್ಟಾರ್ಟ್ ಆದಾಗಲೆಲ್ಲ ಈ ವೈರಿಗೂ ಒಂದು ಜರ್ಕ್. ಪ್ಯಾನೆಲ್‌ಗೆ, ಅಂದರೆ ಸೆನ್ಸರ್‌ಗಳೆಲ್ಲ ಬಂದು ಸೇರುವ ಅಲಾರಂನ ಮುಖ್ಯ ಡಬ್ಬಿಗೆ, ಅದು ಯಾರೋ ಓಡಾಡಿದ ಹಾಗೆ ಕಾಣುತ್ತಿತ್ತು. ಹಗಲಲ್ಲೂ ಹೀಗೇ ಆಗುತ್ತಿತ್ತು. ಆದರೆ ಹಗಲಲ್ಲಿ ಅಲಾರಂ ಆಫ್ ಇರುತ್ತದೆ ಅಲ್ವಾ, ಯಾರಿಗೂ ಗೊತ್ತಾಗಲಿಲ್ಲ. ಬೇರೆ ಪೈಪ್ ಹಾಕಿ, ಶೀಲ್ಡ್ (ಇಂಥ ಜರ್ಕ್ ತಡೆಯುವ ಲೋಹದ ಹೊದಿಕೆ) ಇರುವ ಕೇಬಲ್ ಎಳೆದೆವು. ಸೈರನ್ ನಿಂತಿತು. ಎರಡು ಸೆನ್ಸರ್‌ಗೆ ಕೊಟ್ಟ ದುಡ್ಡು ದಂಡ.

ಸುಳ್ಳು ಅಲಾರಂ ಹುಡುಕಲು ಹೋದಲ್ಲೆಲ್ಲ ನಾನು ಮೊದಲು ಕೇಳುವುದು ಒಂದೇ: ಯಾವಾಗ?

ಶುರು ಮಾಡುವ ಮುನ್ನ

ಒಂದು ಮಾತು. ಸೈರನ್ ಕೂಗಿದ ತಕ್ಷಣ "ಅಯ್ಯೋ, ಮತ್ತೆ ಶುರುವಾಯ್ತು" ಅಂತ ಒಳಗೆ ನುಗ್ಗಬೇಡಿ. ಹತ್ತು ಸಲ ಸುಳ್ಳಾಗಿದ್ದರೂ ಹನ್ನೊಂದನೆಯದು ನಿಜವಾಗಿರಬಹುದು. ಹೊರಗಿನಿಂದ ಬೀಗ, ಕಿಟಕಿ, ಗ್ರಿಲ್ ನೋಡಿ. ಏನಾದರೂ ಮುರಿದಂತೆ ಕಂಡರೆ ಒಳಗೆ ಹೋಗದೆ 112ಕ್ಕೆ ಫೋನ್ ಮಾಡಿ. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಕೆಳಗಿನ ಕೆಲಸ.

ಪರೀಕ್ಷೆಗೆ ಕೂರುವ ದಿನ ಅಕ್ಕಪಕ್ಕದವರಿಗೆ, ವಾಚ್‌ಮನ್‌ಗೆ ಹೇಳಿಬಿಡಿ. ಅಲಾರಂ ಯಾವುದಾದರೂ ಮಾನಿಟರಿಂಗ್ ಸೆಂಟರ್‌ಗೆ ಕನೆಕ್ಟ್ ಆಗಿದ್ದರೆ ಅವರಿಗೂ ಹೇಳಿ ಟೆಸ್ಟ್ ಮೋಡ್‌ಗೆ ಹಾಕಿಸಿ. ಇಲ್ಲದಿದ್ದರೆ ನೀವು ಸೆನ್ಸರ್ ಮುಂದೆ ಕೈ ಆಡಿಸುತ್ತಿರುವಾಗ ಯಾರೋ ಬಾಗಿಲು ತಟ್ಟುತ್ತಾರೆ.

ಲಾಗ್ ಓದುವುದು

ಈಗಿನ ಪ್ಯಾನೆಲ್‌ಗಳೆಲ್ಲ ಹಿಂದಿನ ಘಟನೆಗಳನ್ನು ನೆನಪಿಟ್ಟುಕೊಳ್ಳುತ್ತವೆ. ಆಪ್ ಇದ್ದರೆ ಫೋನಿನಲ್ಲೇ ಸಿಗುತ್ತದೆ. ಹಳೆಯದಾದರೆ ಕೀಪ್ಯಾಡ್‌ನಲ್ಲಿ ಒಂದೊಂದಾಗಿ ಒತ್ತಿ ನೋಡಬೇಕು. ಮೊದಲು ಪ್ಯಾನೆಲ್‌ನ ಗಡಿಯಾರ ಸರಿ ಇದೆಯೇ ನೋಡಿ. ಕರೆಂಟು ಹೋಗಿ, ಬ್ಯಾಟರಿಯೂ ಸತ್ತು, ಮತ್ತೆ ಆನ್ ಆದ ಎಷ್ಟೋ ಪ್ಯಾನೆಲ್‌ಗಳ ಗಡಿಯಾರ ಯಾವುದೋ ವರ್ಷದ ಜನವರಿ 1ರಲ್ಲಿ ನಿಂತಿರುತ್ತದೆ. ಅಂಥ ಲಾಗ್ ನಂಬಿ ಹೊರಟರೆ ದಾರಿ ತಪ್ಪುವುದು ಗ್ಯಾರಂಟಿ.

ಬರೆದುಕೊಳ್ಳಬೇಕಾದ್ದು ಇಷ್ಟು: ದಿನ, ಗಂಟೆ, ಝೋನ್ ನಂಬರ್, ಆಗ ಮಳೆ ಇತ್ತೇ, ಕರೆಂಟು ಹೋಗಿ ಬಂದಿತ್ತೇ, ಮನೆಯಲ್ಲಿ ಯಾರಿದ್ದರು. ಒಂದು ನೋಟ್‌ಬುಕ್ ಕೀಪ್ಯಾಡ್ ಹತ್ತಿರವೇ ನೇತುಹಾಕಿ. ಎರಡು ವಾರ ಬರೆದರೆ ಸಾಕು, ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಬೆಳಿಗ್ಗೆ ಐದರಿಂದ ಆರರ ಒಳಗೆ ಕೂಗಿದರೆ ನನ್ನ ಅನುಮಾನ ಮೊದಲು ಮನೆಯವರ ಮೇಲೇ. ಖಾಲಿ ಮನೆಯಲ್ಲಿ ಮಧ್ಯಾಹ್ನ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆದರೆ ಬಿಸಿಲು. ರಾತ್ರಿ ಒಂದರಿಂದ ಮೂರರ ನಡುವೆ ಆದರೆ ಲಾರಿ, ಬೆಕ್ಕು, ಇಲಿ. ಕರೆಂಟು ಹೋದಾಗ ಅಥವಾ ವಾಪಸ್ ಬಂದಾಗ ಆದರೆ ಬ್ಯಾಟರಿ. ಮಳೆ ಬಂದ ದಿನ ಮಾತ್ರ ಆದರೆ ಎಲ್ಲೋ ಜಾಯಿಂಟಿಗೆ ನೀರು ಇಳಿದಿದೆ. ಲೆಕ್ಕವೇ ಸಿಗದ ಹಾಗೆ, ಹಗಲು ರಾತ್ರಿ ಎನ್ನದೆ ಆದರೆ ಲೂಸ್ ಕನೆಕ್ಷನ್. ಇವೆಲ್ಲ ಅಂದಾಜು, ನಿಜ. ಆದರೆ ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯಲು ಇಷ್ಟು ಸಾಕು.

ಇನ್ನೊಂದು ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ. ಸೆನ್ಸರ್ ತಿರುಗಿಸಿ, ಬ್ಯಾಟರಿ ಹಾಕಿ, ಸೆಟ್ಟಿಂಗ್ ಇಳಿಸಿ, ಮೂರನ್ನೂ ಒಂದೇ ದಿನ ಮಾಡಿದರೆ ಅಲಾರಂ ನಿಲ್ಲಬಹುದು. ಯಾಕೆ ನಿಂತಿತು ಅಂತ ಮಾತ್ರ ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ.

ಹಾಲು, ರಂಗೋಲಿ, ಕೊಲಾಪ್ಸಿಬಲ್ ಗೇಟು

ನಾನು ನೋಡಿದ ಸುಳ್ಳು ಅಲಾರಂಗಳಲ್ಲಿ ಜಾಸ್ತಿ ಪಾಲು ಮನುಷ್ಯರದ್ದೇ. ರಾತ್ರಿ ಮಲಗುವಾಗ ಅಲಾರಂ 'ಸ್ಟೇ' ಮೋಡ್‌ನಲ್ಲಿ ಹಾಕುತ್ತಾರೆ. ಅಂದರೆ ಸಾಮಾನ್ಯವಾಗಿ ಒಳಗಿನ ಸೆನ್ಸರ್‌ಗಳು ಮಲಗಿರುತ್ತವೆ, ಬಾಗಿಲಿನವು ಮಾತ್ರ ಎದ್ದಿರುತ್ತವೆ. ಬೆಳಿಗ್ಗೆ ಅಮ್ಮ ಎದ್ದು ನಂದಿನಿ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆಗೆಯುತ್ತಾರೆ. ಇಲ್ಲವೇ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು. ನಿದ್ದೆಗಣ್ಣಿನಲ್ಲಿ ಕೀಪ್ಯಾಡ್ ಯಾರಿಗೆ ನೆನಪಿರುತ್ತದೆ?

ಇದಕ್ಕೆ ಬೈಯುವುದು ಪರಿಹಾರವಲ್ಲ. ಮುಂಬಾಗಿಲಿಗೆ 'ಎಂಟ್ರಿ ಡಿಲೇ' ಕೊಡಿ. ಸ್ಟೇ ಮೋಡ್‌ನಲ್ಲೂ ಬಾಗಿಲು ತೆರೆದ ಮೇಲೆ 30 ಸೆಕೆಂಡು ಕೀಪ್ಯಾಡ್ ಬೀಪ್ ಮಾಡಲಿ, ಆಮೇಲೆ ಸೈರನ್. ಅಥವಾ ದಿನಾ ಬೆಳಿಗ್ಗೆ ಐದಕ್ಕೆ ಅಲಾರಂ ತಾನೇ ಆಫ್ ಆಗುವ ಹಾಗೆ ಇಡಬಹುದು. ನನಗೆ ಮೊದಲನೆಯದೇ ಇಷ್ಟ. ಎರಡನೆಯದರಲ್ಲಿ, ಊರಿಗೆ ಹೋದಾಗಲೂ ಅದು ಐದಕ್ಕೆ ಸುಮ್ನೆ ಆಫ್ ಆಗಿಬಿಡುತ್ತದೆ.

ಹೊರಗೆ ಹೋಗುವಾಗಿನ ಸಮಯ ಇನ್ನೊಂದು ಸಮಸ್ಯೆ. ಅಲಾರಂ ಹಾಕಿದ ಮೇಲೆ ಮನೆ ಬಿಡಲು ಸಾಮಾನ್ಯವಾಗಿ 30 ಸೆಕೆಂಡು ಕೊಟ್ಟಿರುತ್ತಾರೆ. ನಮ್ಮ ಕಡೆ ಮನೆ ಬೀಗ ಹಾಕುವುದೆಂದರೆ ಏನು? ಮರದ ಬಾಗಿಲು, ಅದರ ಮುಂದೆ ಗ್ರಿಲ್ ಬಾಗಿಲು ಅಥವಾ ಕೊಲಾಪ್ಸಿಬಲ್ ಗೇಟು, ಅದಕ್ಕೊಂದು ಬೀಗ, ಬೀಗ ಎಳೆದು ನೋಡುವುದು, ಗ್ಯಾಸ್ ಆಫ್ ಮಾಡಿದ್ದೀವಾ ಅಂತ ಒಳಗೆ ಇನ್ನೊಂದು ಸಲ ಹೋಗಿ ಬರುವುದು. 30 ಸೆಕೆಂಡು ಯಾವ ಮೂಲೆಗೆ? ಗಡಿಯಾರ ಹಿಡಿದು ನಿಮ್ಮ ಮನೆಯವರಲ್ಲಿ ಎಲ್ಲರಿಗಿಂತ ನಿಧಾನದವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಳೆಯಿರಿ. ಅದಕ್ಕೆ 15 ಸೆಕೆಂಡು ಸೇರಿಸಿ.

ಕೆಲಸದವರಿಗೆ, ಅಂಗಡಿ ಹುಡುಗರಿಗೆ ಬೇರೆ ಬೇರೆ ಕೋಡ್ ಕೊಡಿ. ಎಲ್ಲರಿಗೂ ಒಂದೇ ಕೋಡ್ ಇದ್ದರೆ ಯಾರು ಯಾವಾಗ ತಪ್ಪು ಮಾಡಿದರು ಎಂದು ಲಾಗ್ ಹೇಳಲಾರದು.

ಮೋಷನ್ ಸೆನ್ಸರ್: ಹಲ್ಲಿಯ ಸುಳ್ಳು, ಡಿಸೆಂಬರಿನ ಬಿಸಿಲು

ಗೋಡೆಯ ಮೂಲೆಯಲ್ಲಿ ಬಿಳಿ ಡಬ್ಬಿ, ಕೈ ಆಡಿಸಿದರೆ ಕೆಂಪು ದೀಪ. ನಾವು ಇದನ್ನು ಪಿಐಆರ್ ಅನ್ನುತ್ತೇವೆ. ಇದು ಯಾವ ಕಿರಣವನ್ನೂ ಹೊರಗೆ ಬಿಡುವುದಿಲ್ಲ. ಸುಮ್ನೆ ಕೂತು ಶಾಖ ನೋಡುತ್ತದೆ. ಮುಂದಿರುವ ಪ್ಲಾಸ್ಟಿಕ್ ಲೆನ್ಸು ಕೋಣೆಯನ್ನು ಬೀಸಣಿಗೆಯ ಮಡಿಕೆಗಳಂತೆ ಹೋಳು ಮಾಡುತ್ತದೆ. ಒಂದು ಹೋಳಿನಿಂದ ಇನ್ನೊಂದಕ್ಕೆ ಬಿಸಿಯೋ ತಂಪೋ ಸರಿದರೆ ಅಲಾರಂ. ಅದು ಮನುಷ್ಯನೇ ಎಂದು ತಿಳಿಯುವ ಬುದ್ಧಿ ಅದಕ್ಕಿಲ್ಲ.

ಹಾಗಾಗಿ ಮೊದಲು ಏಣಿ ಹತ್ತಿ ಲೆನ್ಸ್ ನೋಡಿ. ಜೇಡರ ಬಲೆ ಇದೆಯೇ? ಹಿಂದಿನ ವೈರ್ ತೂತಿನಿಂದ ಇರುವೆ ಒಳಗೆ ಹೋಗಿದೆಯೇ? ಹಲ್ಲಿಯ ಹಿಕ್ಕೆ ಇದೆಯೇ? ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ ಅಂತಾರೆ. ಸೆನ್ಸರ್ ಮೇಲೆ ಹರಿದಾಡುವ ಹಲ್ಲಿ ಮಾತ್ರ ಹಸಿ ಸುಳ್ಳು ಹೇಳುತ್ತದೆ. ದೂರದಲ್ಲಿದ್ದರೆ ಅದರ ಸಣ್ಣ ಮೈ ಸೆನ್ಸರ್‌ಗೆ ಲೆಕ್ಕಕ್ಕೇ ಬರುವುದಿಲ್ಲ. ಲೆನ್ಸ್ ಮೇಲೆ ಕೂತರೆ ಮಾತ್ರ ಇಡೀ ಹೋಳನ್ನು ತುಂಬಿಬಿಡುತ್ತದೆ, ಆನೆಯ ಹಾಗೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ವೈರ್ ತೂತಿಗೆ ಸಿಲಿಕಾನ್ ತುಂಬಿ. ಹುಳದ ಸ್ಪ್ರೇಯನ್ನು ನೇರವಾಗಿ ಲೆನ್ಸ್ ಮೇಲೆ ಹೊಡೆಯಬೇಡಿ, ಪ್ಲಾಸ್ಟಿಕ್ ಮಂಕಾಗುತ್ತದೆ.

ಆಮೇಲೆ ಸೆನ್ಸರ್ ಏನನ್ನು ನೋಡುತ್ತಿದೆ ಎಂದು ಅದರ ಜಾಗದಿಂದಲೇ ನೋಡಿ. ಏಣಿಯ ಮೇಲೆ ನಿಂತು ನಿಮ್ಮ ಕಣ್ಣನ್ನು ಅದರ ಪಕ್ಕಕ್ಕೆ ಇಡಿ. ಎದುರಿಗೆ ಕಿಟಕಿ ಇದೆಯೇ? ಫ್ಯಾನಿನ ಗಾಳಿಗೆ ಅಲ್ಲಾಡುವ ಪರದೆ? ಫ್ರಿಜ್ಜಿನ ಹಿಂಭಾಗ? ದೇವರ ಮನೆಯ ನಂದಾದೀಪ? ಹುಟ್ಟುಹಬ್ಬದ ಮರುದಿನ ಬಲೂನುಗಳನ್ನು ತೆಗೆಯದೆ ಊರಿಗೆ ಹೋದವರ ಮನೆಗೆ ನಾನೇ ಎರಡು ಸಲ ಹೋಗಿ ಬಂದಿದ್ದೇನೆ. ಗಾಳಿ ಇಳಿದ ಬಲೂನು ಕೋಣೆಯೆಲ್ಲ ಸುತ್ತುತ್ತಿತ್ತು.

ಬಿಸಿಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಸವನಗುಡಿಯ ಒಂದು ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನದ ಅಲಾರಂ ಶುರು, ಫೆಬ್ರವರಿ ಕಳೆದರೆ ಬಂದ್. ಎರಡು ವರ್ಷ ಹೀಗೇ ನಡೆದಿತ್ತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಿಟಕಿಯ ಮೇಲಿನ ಸಜ್ಜಾ ಬಿಸಿಲನ್ನು ತಡೆಯುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನದಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 54 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಸಜ್ಜಾ ತಪ್ಪಿಸಿಕೊಂಡು ನೆಲಕ್ಕೆ ಬೀಳುತ್ತದೆ. ಮೋಡ ಅಡ್ಡ ಬಂದು ಹೋದಾಗಲೆಲ್ಲ ಆ ಜಾಗ ಬಿಸಿಯಾಗುತ್ತದೆ, ತಂಪಾಗುತ್ತದೆ. ಮನೆಯವರು ಆಫೀಸಿಗೆ ಹೋಗಿ, ಅಲಾರಂ ಆನ್ ಇರುವ ಹೊತ್ತು ಬೇರೆ. ಕಿಟಕಿಗೆ ಒಂದು ವಾರ ನ್ಯೂಸ್‌ಪೇಪರ್ ಅಂಟಿಸಿ ನೋಡಲು ಹೇಳಿದೆ. ನಿಂತಿತು. ಆಮೇಲೆ ಸೆನ್ಸರನ್ನು ಕಿಟಕಿ ಇರುವ ಗೋಡೆಗೇ ಸರಿಸಿ, ಕಿಟಕಿಗೆ ಬೆನ್ನು ಹಾಕಿ ಕೂರಿಸಿದೆವು. ಹೀಗೆ ಪೇಪರ್ ಅಂಟಿಸುವುದು ಖರ್ಚಿಲ್ಲದ ಪರೀಕ್ಷೆ. ಮೊದಲೇ ಸೆನ್ಸರ್ ಕೀಳಬೇಡಿ.

ಬೇಸಿಗೆಯದ್ದು ಬೇರೆ ಕಥೆ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಮುಚ್ಚಿದ ಕೋಣೆ ಹಾಗೆ ಕಾದಾಗ ಮನುಷ್ಯನ ಮೈಗೂ ಹಿಂದಿನ ಗೋಡೆಗೂ ಶಾಖದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಒಳ್ಳೆಯ ಸೆನ್ಸರ್‌ಗಳು ಆಗ ತಮ್ಮ ಸೂಕ್ಷ್ಮತೆಯನ್ನು ತಾವೇ ಏರಿಸಿಕೊಳ್ಳುತ್ತವೆ. ಅಂಥ ಸಂಜೆ ಗುಡುಗು ಮಳೆ ಬಂದು, ಸಂದಿಯಿಂದ ತಣ್ಣನೆ ಗಾಳಿ ನುಗ್ಗಿದರೆ ಸೆನ್ಸರ್ ಬೆಚ್ಚಿಬೀಳುತ್ತದೆ. ವೆಂಟಿಲೇಟರ್, ಎಕ್ಸಾಸ್ಟ್ ಫ್ಯಾನಿನ ತೂತು, ಬಾಗಿಲ ಸಂದಿ ನೋಡಿ.

ಪಲ್ಸ್ ಕೌಂಟ್ ಎಂಬ ಸಣ್ಣ ಜಂಪರ್ (ಕಿತ್ತು ಬೇರೆ ಪಿನ್ನಿಗೆ ಹಾಕುವ ಕ್ಲಿಪ್) ಬಹುತೇಕ ಸೆನ್ಸರ್‌ಗಳ ಒಳಗಿರುತ್ತದೆ. 1ರಿಂದ 2ಕ್ಕೆ ಹಾಕಿದರೆ ಒಂದೇ ಸಲದ ಅಲುಗಾಟಕ್ಕೆ ಕೂಗುವುದಿಲ್ಲ, ಎರಡು ಸಲ ಕಂಡರೆ ಕೂಗುತ್ತದೆ. ಕಾರಣ ಹುಡುಕಿದ ಮೇಲೆ ಇದನ್ನು ಬಳಸಿ, ಹುಡುಕುವ ಬದಲಿಗೆ ಬೇಡ. ಸೆಟ್ಟಿಂಗ್ ಪೂರ್ತಿ ಇಳಿಸಿ, "ಈಗ ಒಂದೂ ಸುಳ್ಳು ಅಲಾರಂ ಇಲ್ಲ ಸಾರ್" ಅನ್ನುವವರನ್ನು ನೋಡಿದ್ದೇನೆ. ಸೆನ್ಸರ್ ಮುಂದೆ ನಾನೇ ಕುಣಿದರೂ ದೀಪ ಹತ್ತಲಿಲ್ಲ.

ಬೆಕ್ಕು ನಾಯಿ ಇರುವ ಮನೆಗೆ 'ಪೆಟ್ ಇಮ್ಯೂನ್' ಸೆನ್ಸರ್ ಸಿಗುತ್ತದೆ. ಡಬ್ಬಿಯ ಮೇಲೆ 20 ಕೆಜಿ, 25 ಕೆಜಿ ಎಂದು ಬರೆದಿರುತ್ತದೆ. ಅದು ನೆಲದ ಮೇಲೆ ಓಡಾಡುವ ಪ್ರಾಣಿಗೆ ಮಾತ್ರ. ಸೋಫಾ ಹತ್ತಿ, ಅಲ್ಲಿಂದ ಶೋಕೇಸ್ ಹತ್ತುವ ಬೆಕ್ಕಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಶಾಖದ ಜೊತೆ ಮೈಕ್ರೋವೇವ್ ಕೂಡ ಇರುವ ಡ್ಯುಯಲ್ ಸೆನ್ಸರ್ ಹಾಕಿದರೆ ಎರಡೂ ಒಟ್ಟಿಗೆ ಹೌದು ಎಂದಾಗ ಮಾತ್ರ ಅಲಾರಂ. ಬಿಸಿಲಿನ ಕಾಟಕ್ಕೆ ಇದು ಒಳ್ಳೆಯ ಮದ್ದು. ಆದರೆ ಮೈಕ್ರೋವೇವ್ ಗಾಜನ್ನೂ ಜಿಪ್ಸಂ ಪಾರ್ಟಿಷನ್ನನ್ನೂ ದಾಟಿ ಆಚೆ ನೋಡುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ಹರಿಯುವ ನೀರೂ ಅದಕ್ಕೆ ಚಲನೆಯೇ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ಬಾತ್‌ರೂಂ ಪೈಪು ಪಕ್ಕದಲ್ಲೇ ಇದ್ದರೆ, ಒಳಗಿನ ಸ್ಕ್ರೂ ತಿರುಗಿಸಿ ಅದರ ದೂರವನ್ನು ಕೋಣೆಯ ಅಳತೆಗೆ ತಗ್ಗಿಸಿ.

ಬಾಗಿಲು ಮತ್ತು ಶಟರ್

ಬಾಗಿಲಿನ ಸೆನ್ಸರ್ ಬಹಳ ಸರಳ. ಚೌಕಟ್ಟಿನಲ್ಲಿ ಗಾಜಿನ ಕೊಳವೆಯೊಳಗೆ ಎರಡು ಪುಟ್ಟ ಪತ್ತಿಗಳು, ಬಾಗಿಲಲ್ಲಿ ಒಂದು ಆಯಸ್ಕಾಂತ. ಹತ್ತಿರವಿದ್ದರೆ ಪತ್ತಿಗಳು ಕೂಡಿರುತ್ತವೆ, ದೂರವಾದರೆ ಬಿಡುತ್ತವೆ. ಮನೆಯ ಬಾಗಿಲಿಗೆ ಹಾಕುವ ಮಾಮೂಲಿ ಸೆನ್ಸರ್‌ಗಳು ಎರಡು ಸೆಂಟಿಮೀಟರ್ ಆಸುಪಾಸಿನ ಅಂತರದವರೆಗೆ ತಾಳಿಕೊಳ್ಳುತ್ತವೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಪೂರ್ತಿ ಮುಚ್ಚದಿದ್ದರೆ ಅಂತರ ಗಡಿಗೆ ಬಂದು ನಿಲ್ಲುತ್ತದೆ. ಗಾಳಿಗೆ ಸ್ವಲ್ಪ ಅಲುಗಿದರೆ ಮುಗಿಯಿತು. ಕಬ್ಬಿಣದ ಬಾಗಿಲಿಗೆ ಆಯಸ್ಕಾಂತವನ್ನು ನೇರವಾಗಿ ಕೂರಿಸಿದರೆ ಅದರ ಬಲವನ್ನು ಕಬ್ಬಿಣವೇ ನುಂಗುತ್ತದೆ. ನಡುವೆ ಪ್ಲಾಸ್ಟಿಕ್ ತುಂಡು ಕೊಡಬೇಕು, ಅಥವಾ ಕಬ್ಬಿಣಕ್ಕೆಂದೇ ಬರುವ ಸೆನ್ಸರ್ ತರಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಕೊಡುತ್ತಾರೆ.

ಅಂಗಡಿಯ ರೋಲಿಂಗ್ ಶಟರ್ ಜಾಸ್ತಿ ಕಾಟ ಕೊಡುತ್ತದೆ. ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಒಂದು ಬಟ್ಟೆ ಅಂಗಡಿ. ರಾತ್ರಿ ಒಂದೂವರೆಯಿಂದ ಎರಡೂವರೆ ಒಳಗೆ ಅಲಾರಂ, ವಾರಕ್ಕೆ ಮೂರ್ನಾಲ್ಕು ಸಲ, ಭಾನುವಾರ ಮಾತ್ರ ಇಲ್ಲ. ಪೇಟೆಯ ಗಲ್ಲಿಗಳಿಗೆ ಸರಕಿನ ಗಾಡಿ ಬರುವುದು ರಾತ್ರಿಯೇ. ಪಕ್ಕದ ಗೋಡೌನಿಗೆ ಲೋಡ್ ಇಳಿಸುವಾಗ ಗಾಡಿ ರಿವರ್ಸ್ ಬಂದು, ಇಂಜಿನ್ನಿನ ನಡುಕಕ್ಕೆ ಶಟರ್ ತಗಡು ಗಡಗಡ ಅನ್ನುತ್ತಿತ್ತು. ಎರಡೂ ಬದಿಗೆ ಬೀಗ ಇದ್ದರೂ ನಡುವೆ ಶಟರ್ ಹಿಂದೆ ಮುಂದೆ ಆಡುತ್ತಿತ್ತು, ಸೆನ್ಸರ್ ಇದ್ದದ್ದು ಆ ನಡುವಿನಲ್ಲೇ.

ಪರೀಕ್ಷೆ ಸುಲಭ. ಶಟರ್ ಇಳಿಸಿ ಬೀಗ ಹಾಕಿ. ಒಬ್ಬರು ಹೊರಗಿನಿಂದ ನಡುಭಾಗವನ್ನು ಕೈಯಲ್ಲಿ ಒತ್ತಿ, ಎಳೆಯಲಿ. ಇನ್ನೊಬ್ಬರು ಒಳಗೆ ಕೀಪ್ಯಾಡ್‌ನಲ್ಲಿ ಝೋನ್ ತೆರೆಯುತ್ತದೆಯೇ ನೋಡಲಿ. ತೆರೆದರೆ ಸೆನ್ಸರನ್ನು ಬದಿಯ ಬೀಗದ ಹತ್ತಿರಕ್ಕೆ ಸರಿಸಿ, ಅಥವಾ ಜಾಸ್ತಿ ಅಂತರ ತಾಳುವ ಶಟರ್ ಸೆನ್ಸರ್ ಹಾಕಿ. ಬದಿಯ ಚಾನೆಲ್ ಸವೆದು ಅಗಲವಾಗಿದ್ದರೆ ವೆಲ್ಡರ್ ಕರೆಸಿ ಸರಿ ಮಾಡಿಸಿ. ಅಲ್ಲಿ ನಮ್ಮ ಕೆಲಸ ಏನೂ ಇಲ್ಲ.

ಶಟರ್ ಸೆನ್ಸರ್‌ಗೆ ಇನ್ನೊಂದು ಕಂಟಕ ಆಯುಧಪೂಜೆ. ಹಿಂದಿನ ದಿನ ಅಂಗಡಿಯನ್ನು ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆಯುತ್ತಾರೆ. ಶಟರ್ ಸೆನ್ಸರ್ ಇರುವುದು ನೆಲದಲ್ಲಿ. ವೈರಿನ ಜಾಯಿಂಟಿಗೆ ಸುತ್ತಿದ ಟೇಪು ಬಿಟ್ಟಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಹಬ್ಬದ ರಾತ್ರಿ ಫೋನ್ ಬರುವುದು ನನಗೆ. ನೆಲದ ಜಾಯಿಂಟಿಗೆ ಬರೀ ಇನ್ಸುಲೇಷನ್ ಟೇಪ್ ಸಾಲದು. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿ. ಸಾಧ್ಯವಾದರೆ ಜಾಯಿಂಟನ್ನೇ ಗೋಡೆಯ ಮೇಲಕ್ಕೆ ತನ್ನಿ.

ಮೀಟರ್ ಹಿಡಿದು ನೋಡುವ ಕೆಲಸ

ಲಾಗ್‌ನಲ್ಲಿ ಲೆಕ್ಕ ಸಿಗದಿದ್ದರೆ ವೈರ್ ನೋಡಬೇಕು. ಪ್ಯಾನೆಲ್ ಡಬ್ಬಿಯ ಒಳಗೆ 230 ವೋಲ್ಟ್ ಬರುತ್ತದೆ. ಎಲೆಕ್ಟ್ರಿಕಲ್ ಕೆಲಸ ಗೊತ್ತಿಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ ಟೆಕ್ನಿಷಿಯನ್ ಕರೆಸಿ. ಗೊತ್ತಿದ್ದವರು ಮೇನ್ಸ್ ಆಫ್ ಮಾಡಿ, ಬ್ಯಾಟರಿಯ ಒಂದು ಟರ್ಮಿನಲ್ ಕಳಚಿ ಮುಂದುವರಿಯಿರಿ.

ಪ್ರತಿ ಝೋನಿನ ಕೊನೆಯಲ್ಲಿ ಒಂದು ರೆಸಿಸ್ಟರ್ ಇರುತ್ತದೆ. ಎಂಡ್ ಆಫ್ ಲೈನ್ ಅನ್ನುತ್ತೇವೆ. ಪ್ಯಾನೆಲ್‌ಗೆ ತಕ್ಕಂತೆ 2.2ಕೆ, 4.7ಕೆ, 5.6ಕೆ ಹೀಗೆ ಬೇರೆ ಬೇರೆ (ಕೆ ಎಂದರೆ ಸಾವಿರ ಓಮ್). ಅದು ಸೆನ್ಸರ್ ಡಬ್ಬಿಯ ಒಳಗೆ ಇರಬೇಕು. ಎಷ್ಟೋ ಕಡೆ ಕೆಲಸ ಸುಲಭ ಆಗಲಿ ಅಂತ ಪ್ಯಾನೆಲ್‌ನಲ್ಲೇ ಸಿಕ್ಕಿಸಿರುತ್ತಾರೆ. ಆಗ ದಾರಿಯಲ್ಲಿ ಯಾರಾದರೂ ಎರಡು ವೈರ್ ಸೇರಿಸಿ ಶಾರ್ಟ್ ಮಾಡಿದರೂ ಪ್ಯಾನೆಲ್‌ಗೆ ತಿಳಿಯುವುದಿಲ್ಲ. ಸುಳ್ಳು ಅಲಾರಂ ಹುಡುಕಲು ಹೋಗಿ ಇಂಥದ್ದು ಕಂಡರೆ ಅದನ್ನೂ ಸರಿ ಮಾಡಿಸಿಬಿಡಿ.

ಅನುಮಾನದ ಝೋನಿನ ಎರಡು ವೈರನ್ನು ಪ್ಯಾನೆಲ್‌ನಿಂದ ಬಿಚ್ಚಿ ಓಮ್ ಅಳೆಯಿರಿ. ಬಾಗಿಲಿನ ಝೋನ್, ರೆಸಿಸ್ಟರ್ 2.2ಕೆ ಎಂದಿಟ್ಟುಕೊಳ್ಳಿ. ಬಾಗಿಲು ಮುಚ್ಚಿರುವಾಗ ಮೀಟರ್ 2.2ಕೆ ಹತ್ತಿರ ತೋರಿಸಬೇಕು. ಕೇಬಲ್ಲಿನದ್ದು ಕೆಲವು ಓಮ್ ಸೇರಿದರೆ ತೊಂದರೆ ಇಲ್ಲ. ಮುಖ್ಯ ವಿಷಯ, ಅಂಕಿ ಅಲುಗಾಡದೆ ನಿಲ್ಲಬೇಕು. ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಜಂಕ್ಷನ್ ಬಾಕ್ಸುಗಳಲ್ಲಿ ವೈರನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಹೋಗಲಿ. ಅಂಕಿ ಕುಣಿದ ಜಾಗದಲ್ಲೇ ಲೂಸ್ ಜಾಯಿಂಟ್. ಅಂಕಿ 2.2ಕೆಗಿಂತ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ತೇವ ಇದೆ. ಇಂಥದ್ದನ್ನು ಮಳೆ ನಿಂತು ಒಣಗಿದ ಮೇಲೆ ಅಳೆದರೆ ಏನೂ ಸಿಗುವುದಿಲ್ಲ. ಮಳೆಯ ಮರುದಿನ ಬೆಳಿಗ್ಗೆಯೇ ಅಳೆಯಬೇಕು.

ವಿಜಯನಗರದ ಮನೆಯಂಥ ದೋಷ ಮೀಟರಿಗೂ ಸಿಗುವುದಿಲ್ಲ. ಅಲ್ಲಿ ಓಮ್ ಸರಿಯಾಗಿಯೇ ಇತ್ತು. ಅದಕ್ಕೆ ಪ್ಯಾನೆಲನ್ನು ಟೆಸ್ಟ್ ಮೋಡ್‌ನಲ್ಲಿಟ್ಟು ಮನೆಯ ಮೋಟರ್, ಫ್ರಿಜ್, ಗೀಸರ್, ಮಿಕ್ಸಿ ಎಲ್ಲವನ್ನೂ ಒಂದೊಂದಾಗಿ ಆನ್ ಆಫ್ ಮಾಡಿ ನೋಡಿ. ಹತ್ತು ನಿಮಿಷದ ಕೆಲಸ. ಶೀಲ್ಡ್ ಕೇಬಲ್ ಹಾಕಿದರೆ ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿ. ಎರಡೂ ತುದಿ ಅರ್ತ್ ಮಾಡಿದರೆ ಹೊಸ ತಲೆನೋವು.

ಬ್ಯಾಟರಿ

ಪ್ಯಾನೆಲ್ ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿಯನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಮೂರ್ನಾಲ್ಕು ವರ್ಷಕ್ಕೆ ಅದು ಸೋತಿರುತ್ತದೆ. ಕರೆಂಟು ಇರುವಾಗ ಅಳೆದರೆ 13.6, 13.8 ಎಂದು ಚೆನ್ನಾಗಿಯೇ ತೋರಿಸುತ್ತದೆ. ಅದು ಚಾರ್ಜರಿನ ವೋಲ್ಟೇಜು, ಬ್ಯಾಟರಿಯದ್ದಲ್ಲ. ಮೇನ್ಸ್ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು, ಒಂದು ಸಲ ಸೈರನ್ ಕೂಗಿಸಿ ಅದೇ ಹೊತ್ತಿನಲ್ಲಿ ಅಳೆಯಿರಿ. 11.5ಕ್ಕಿಂತ ಕೆಳಗೆ ಜಾರಿದರೆ ಬದಲಾಯಿಸಿ. ಸೋತ ಬ್ಯಾಟರಿ ಇದ್ದಾಗ ಕರೆಂಟು ಹೋದರೆ ಸೆನ್ಸರ್‌ಗಳು ಒಂದೊಂದಾಗಿ ಸಾಯುತ್ತವೆ, ಸಾಯುವಾಗ ಒಳಗಿನ ರಿಲೇ ಎಂಬ ಸ್ವಿಚ್ಚು ಬಿಡುತ್ತದೆ, ಅದೇ ಅಲಾರಂ. ಮಳೆಗಾಲದ ರಾತ್ರಿ ಇಡೀ ಏರಿಯಾದಲ್ಲಿ ಕರೆಂಟು ಹೋದಾಗ ನಾಲ್ಕೈದು ಅಂಗಡಿಗಳ ಸೈರನ್ ಒಟ್ಟಿಗೆ ಕೂಗುವುದು ಇದಕ್ಕೇ.

ವೈರ್‌ಲೆಸ್ ಸೆನ್ಸರ್‌ಗಳಲ್ಲಿ ಬ್ಯಾಟರಿ ಪ್ರತಿ ಡಬ್ಬಿಯೊಳಗೂ ಇದೆ. ಒಂದು ಲೋ ಎಂದು ತೋರಿಸಿದರೆ ಅದೇ ದಿನ ಹಾಕಿದ ಉಳಿದವುಗಳ ಆಯುಸ್ಸೂ ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ.

ಹೊಗೆ, ಗಾಜು, ಕ್ಯಾಮೆರಾ

ಗಾಜು ಒಡೆದ ಸದ್ದು ಹಿಡಿಯುವ ಸೆನ್ಸರನ್ನು ಅಡುಗೆಮನೆಯ ಹತ್ತಿರ ಹಾಕಬೇಡಿ. ಸ್ಟೀಲ್ ಪಾತ್ರೆ ಬಿದ್ದರೂ ಅದಕ್ಕೆ ಗಾಜೇ. ದೀಪಾವಳಿಯ ಮೂರು ದಿನ ಅದರ ಸೂಕ್ಷ್ಮತೆ ಇಳಿಸಿ, ಮತ್ತೆ ಏರಿಸುವುದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಹೊಗೆಯ ಡಿಟೆಕ್ಟರ್ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಒಗ್ಗರಣೆಯ ಘಾಟು, ಸಾಂಬ್ರಾಣಿ, ಕರ್ಪೂರ, ಪಕ್ಕದ ಮನೆಯವರು ಗ್ರಾನೈಟ್ ಕತ್ತರಿಸಿದ ಧೂಳು, ಒಳಗೆ ಸೇರಿದ ಜಿರಳೆ ಮರಿ, ಎಲ್ಲಕ್ಕೂ ಅದು ಕೂಗುತ್ತದೆ, ನಿಜ. ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ ಮರೆಯಬೇಡಿ. ಅಡುಗೆಮನೆಗೆ ಹೊಗೆಯದ್ದರ ಬದಲು ಶಾಖದ ಡಿಟೆಕ್ಟರ್ ಹಾಕಿಸಿ. ದೇವರ ಮನೆಯ ಎದುರಿನದ್ದನ್ನು ದೂರ ಸರಿಸಿ. ಮನೆ ಕೆಲಸ ನಡೆಯುವಾಗ ಡಸ್ಟ್ ಕ್ಯಾಪ್ ಹಾಕಿದರೆ ಸಂಜೆ ತೆಗೆಯಿರಿ. ಆರು ತಿಂಗಳಿಗೊಮ್ಮೆ ವ್ಯಾಕ್ಯೂಂ ಕ್ಲೀನರ್‌ನಿಂದ ಧೂಳು ಎಳೆಯಿರಿ.

ಕ್ಯಾಮೆರಾ ಸೈರನ್ ಕೂಗಿಸದಿದ್ದರೂ ಫೋನಿಗೆ ರಾತ್ರಿಯೆಲ್ಲ ಸಂದೇಶ ಕಳಿಸುತ್ತದೆ. ಮೂರನೇ ದಿನಕ್ಕೆ ನೀವು ನೋಟಿಫಿಕೇಷನ್ ಆಫ್ ಮಾಡುತ್ತೀರಿ. ಕಳ್ಳನಿಗೆ ಅಷ್ಟು ಸಾಕು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಲೆನ್ಸಿನ ಮುಂದಿನ ಜೇಡರ ಬಲೆ, ಹುಳ, ಮಳೆಹನಿಗೆ ತಾಗಿ ಬಿಳಿ ಗೆರೆಯಾಗಿ ಕಾಣುತ್ತದೆ. ವಾರಕ್ಕೊಮ್ಮೆ ಉದ್ದ ಪೊರಕೆಯಲ್ಲಿ ಬಲೆ ತೆಗೆಯಿರಿ. ಸೆಟ್ಟಿಂಗ್‌ನಲ್ಲಿ ರಸ್ತೆ ಮತ್ತು ಮರ ಇರುವ ಭಾಗವನ್ನು ಹೊರಗಿಟ್ಟು, ಗೇಟಿನಿಂದ ಒಳಗೆ ಮಾತ್ರ ಗೆರೆ ಎಳೆಯಿರಿ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಇದ್ದರೆ ಅದನ್ನೇ ಇಡಿ. ಹೊಂಗೆ ಮರದ ನೆರಳು ಬೀದಿದೀಪದ ಬೆಳಕಿನಲ್ಲಿ ಅಂಗಳವೆಲ್ಲ ಓಡಾಡುತ್ತದೆ. ಬರೀ ಚಲನೆ ನೋಡುವ ಸೆಟ್ಟಿಂಗ್‌ಗೆ ಅದೂ ಕಳ್ಳನೇ.

ಸರಿ ಮಾಡಿದ ಮೇಲೆ

ಕಾರಣ ಸಿಕ್ಕಿತು ಅನ್ನಿಸಿದ ತಕ್ಷಣ ಸೈರನ್‌ಗೆ ಸೇರಿಸಬೇಡಿ. ಆ ಝೋನನ್ನು ಒಂದು ವಾರ 'ಲಾಗ್ ಮಾತ್ರ' ಎಂದು ಇಡಿ. ಘಟನೆ ದಾಖಲಾಗುತ್ತದೆ, ಸೈರನ್ ಕೂಗುವುದಿಲ್ಲ. ವಾರದಲ್ಲಿ ಒಂದೂ ಬರದಿದ್ದರೆ ಮತ್ತೆ ಸೇರಿಸಿ. ಸೇರಿಸಿದ ಮೇಲೆ ಕಳ್ಳ ಬರಬಹುದಾದ ದಾರಿಯಲ್ಲಿ ನೀವೇ ನಡೆದು ನೋಡಿ. ಸೆನ್ಸರ್ ಕಡೆಗೆ ನೇರವಾಗಿ ನಡೆದರೆ ಅದು ನಿಧಾನಕ್ಕೆ ಹಿಡಿಯುತ್ತದೆ, ಅಡ್ಡ ನಡೆದರೆ ಬೇಗ. ಎರಡೂ ನಡೆಯಿರಿ. ಬೈಪಾಸ್ ಮಾಡಿ (ತಾತ್ಕಾಲಿಕವಾಗಿ ಲೆಕ್ಕದಿಂದ ಹೊರಗಿಟ್ಟು) ಮರೆತ ಝೋನ್ ಉಳಿದಿದೆಯೇ ಅಂತಲೂ ನೋಡಿ. "ನಾಳೆ ಸರಿ ಮಾಡೋಣ" ಎಂದು ಬೈಪಾಸ್ ಮಾಡಿದ ಹಿತ್ತಿಲ ಬಾಗಿಲು ವರ್ಷಗಟ್ಟಲೆ ಹಾಗೇ ಇದ್ದದ್ದನ್ನು ಕಂಡಿದ್ದೇನೆ.

ಸೈರನ್ ಕೂಗುವ ಸಮಯವನ್ನು ಮೂರರಿಂದ ಐದು ನಿಮಿಷಕ್ಕೆ ಮಿತಿ ಮಾಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಹತ್ತಿರ ನಿಂತರೆ ಸೈರನ್ 100 ದಾಟುತ್ತದೆ. ನೀವು ಊರಲ್ಲಿ ಇಲ್ಲದಿರುವಾಗ ಅರ್ಧ ಗಂಟೆ ಕೂಗಿದರೆ ಪಕ್ಕದ ಮನೆಯವರು ಕಳ್ಳನಿಗಿಂತ ನಿಮ್ಮ ಮೇಲೇ ಜಾಸ್ತಿ ಸಿಟ್ಟಾಗುತ್ತಾರೆ.

ಕೊನೆಗೆ, ಪ್ಯಾನೆಲ್ ಬಾಗಿಲಿನ ಒಳಭಾಗಕ್ಕೆ ಒಂದು ಚೀಟಿ ಅಂಟಿಸಿ. ತಾರೀಕು, ಝೋನ್, ಏನು ಬದಲಾಯಿಸಿದಿರಿ, ಹಳೆಯ ಸೆಟ್ಟಿಂಗ್ ಏನಿತ್ತು, ಬ್ಯಾಟರಿ ಹಾಕಿದ ದಿನ. ವಿಜಯನಗರದ ಆ ಮನೆಯಲ್ಲಿ ಇಂಥದ್ದೊಂದು ಚೀಟಿ ಇದ್ದಿದ್ದರೆ, ಎರಡನೆಯವರು ಹದಿನೈದು ದಿನದ ಹಿಂದಷ್ಟೇ ಹಾಕಿದ ಸೆನ್ಸರನ್ನು ಕಿತ್ತು ಮತ್ತೆ ಅಂಥದ್ದೇ ಹಾಕುತ್ತಿರಲಿಲ್ಲ.